‘ಮೊದಲು ದುಡ್ಡು, ಆಮೇಲೆ ಪರಿಸರ’: ಈ ವಾದ ನಿಲ್ಲುತ್ತಾ?

ಅಕ್ಷಾಂಶ
ಮಗಳ ಕಾಲೇಜಿನಲ್ಲಿ ಮುಂದಿನ ವಾರ ಚರ್ಚಾಸ್ಪರ್ಧೆ. ವಿಷಯ: ‘ಮೊದಲು ಆರ್ಥಿಕ ಅಭಿವೃದ್ಧಿ, ಆಮೇಲೆ ಪರಿಸರ’. ಅವಳಿಗೆ ಪರವಾಗಿ ಮಾತಾಡೋ ಪಾಳಿ ಬಂದಿದೆ. ನಿನ್ನೆ ರಾತ್ರಿ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು ಒಂದು ಚಿತ್ರ ತೋರಿಸಿದಳು. ಬೋರಲು ಹಾಕಿದ ಬೋಗುಣಿ ಥರ ಒಂದು ಗೆರೆ. ದೇಶ ಬಡವಾಗಿದ್ದಾಗ ಮಾಲಿನ್ಯ ಕಮ್ಮಿ, ಕಾರ್ಖಾನೆಗಳು ಬಂದ ಹಾಗೆ ಏರುತ್ತೆ, ಒಂದು ಮಟ್ಟ ದಾಟಿ ಶ್ರೀಮಂತ ಆದಮೇಲೆ ತಾನಾಗೇ ಇಳಿಯುತ್ತೆ. "ನೋಡಪ್ಪಾ, ಇಷ್ಟೇ, ಗೆದ್ದಾಯ್ತು" ಅಂತಾಳೆ.

ನನಗೆ ಯಾಕೋ ಇದು ಅತಿ ನೀಟಾಗಿ ಕಾಣ್ತಿದೆ. ಆ ‘ತಾನಾಗೇ’ ಅನ್ನೋದು ಗಂಟಲಲ್ಲಿ ಇಳೀತಿಲ್ಲ. ನಿಜವಾಗ್ಲೂ ಹೀಗೆ ಆಗಿದೆಯಾ? ಎಲ್ಲಿ ಆಗಿದೆ, ಎಲ್ಲಿ ಆಗಿಲ್ಲ? ತಿಳಿದವರು ಹೇಳಿ. ಬೈಯೋರು ಸ್ವಲ್ಪ ಮೆತ್ತಗೆ ಬೈಯಿರಿ, ಅವಳೂ ಓದ್ತಾಳೆ.

ಮೊಂಡುವಾದಿ
ಆಗಿದೆ ಸ್ವಾಮಿ, ಉದಾಹರಣೆ ಬೇಕಾ? 1952ರ ಡಿಸೆಂಬರ್, ಲಂಡನ್. ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಬೆರೆತು ಐದು ದಿನ ನಗರದ ಮೇಲೆ ಕೂತುಬಿಡ್ತು. ಸತ್ತವರು ನಾಲ್ಕು ಸಾವಿರ ಅಂತ ಆಗ ಲೆಕ್ಕ ಹಾಕಿದ್ರು, ಆಮೇಲಿನ ಅಧ್ಯಯನದಲ್ಲಿ ಅದು ಹನ್ನೆರಡು ಸಾವಿರದವರೆಗೂ ಹೋಯ್ತು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1969ರಲ್ಲಿ ಕಯಾಹೋಗ ನದಿಗೆ ಬೆಂಕಿ ಹತ್ತಿತ್ತು. ಹೌದು, ನದಿಗೇ! ಮಾರನೇ ವರ್ಷ ಅವರು ಪರಿಸರ ಸಂರಕ್ಷಣೆಗೆ ಅಂತಲೇ ಒಂದು ಸಂಸ್ಥೆ ಕಟ್ಟಿದ್ರು. ಇವತ್ತು ಆ ನದೀಲಿ ಮೀನು ಇದಾವೆ.

ಇದನ್ನೆಲ್ಲ ಮಾಡೋಕೆ ಕಾಸು ಬೇಕು. 1972ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವಸಂಸ್ಥೆ ಪರಿಸರ ಸಮ್ಮೇಳನದಲ್ಲಿ ಇಂದಿರಾ ಗಾಂಧಿ ಕೇಳಿದ್ದೂ ಇದೇ: ಬಡತನ ಮತ್ತು ಕೊರತೆಗಳೇ ಎಲ್ಲಕ್ಕಿಂತ ದೊಡ್ಡ ಮಾಲಿನ್ಯಕಾರಕಗಳು ಅಲ್ಲವೇ ಅಂತ. ಮಗಳಿಗೆ ಧೈರ್ಯವಾಗಿ ಮಾತಾಡೋಕೆ ಹೇಳಿ.

ಗಾಳಿಪಟ
ಕಾಯ್ದೆ ಬಂತು, ಸಂಸ್ಥೆ ಬಂತು ಅಂತ ನೀವೇ ಹೇಳಿದ್ರಿ. ಹಾಗಾದ್ರೆ ‘ತಾನಾಗೇ’ ಇಳಿದಿದ್ದು ಯಾವುದು?

ಮೊಂಡುವಾದಿ
ಪದ ಹಿಡ್ಕೊಂಡು ಜಗ್ಗಾಡಬೇಡಿ. ಶ್ರೀಮಂತರಾದ ಮೇಲೆ ತಾನೇ ಕಾಯ್ದೆ ಮಾಡೋ ಶಕ್ತಿ ಬರೋದು?

ಲೆಕ್ಕಪುಸ್ತಕ
ಆ ಬೋಗುಣಿ ಗೆರೆಗೆ ಕುಜ್ನೆಟ್ಸ್ ಹೆಸರಿಟ್ಟಿದ್ದಾರೆ, ಆದರೆ ಪಾಪ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಪರಿಸರದ ಸುದ್ದಿಗೇ ಹೋಗಿರಲಿಲ್ಲ. 1955ರಲ್ಲಿ ಅವರು ಬರೆದಿದ್ದು ಆದಾಯದ ಅಸಮಾನತೆ ಬಗ್ಗೆ. ಗೆರೆಯನ್ನ ಮಾಲಿನ್ಯಕ್ಕೆ ತಂದು ಅಂಟಿಸಿದ್ದು ಗ್ರಾಸ್‌ಮನ್ ಮತ್ತು ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು, 1991ರಲ್ಲಿ, ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದದ ಗಲಾಟೆ ನಡೀತಿದ್ದಾಗ. ನಗರಗಳ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್, ಹೊಗೆ ಎಷ್ಟಿದೆ ಅಂತ ನೋಡಿದ್ರು. ಮಾರನೇ ವರ್ಷ ವಿಶ್ವಬ್ಯಾಂಕಿನ ವರದಿಯಲ್ಲಿ ಬಂದಮೇಲೆ ಅದು ಎಲ್ಲರ ಬಾಯಲ್ಲೂ ಓಡಾಡೋಕೆ ಶುರುವಾಯ್ತು.

ತಮಾಷೆ ಏನಪ್ಪ ಅಂದ್ರೆ, ಇದು ತಾನಾಗೇ ಆಗುತ್ತೆ ಅಂತ ನಂಬೋಕೆ ಕಾರಣವೇ ಇಲ್ಲ ಅಂತ ಅದೇ ಇಬ್ಬರು 1995ರ ಪ್ರಬಂಧದಲ್ಲಿ ಬರೆದಿದ್ದಾರೆ. ಆ ಸಾಲನ್ನ ಯಾರೂ ಓದಲ್ಲ, ಚಿತ್ರ ಮಾತ್ರ ಕಾಪಿ ಮಾಡ್ತಾರೆ.

ಗಂಧಕದ ಹೊಗೆ ಯಾಕೆ ಇಳೀತು ಅಂತ ಯೋಚನೆ ಮಾಡಿ. ಅದು ಮೂಗಿಗೆ ಬಡಿಯುತ್ತೆ, ಕೆಮ್ಮು ಬರುತ್ತೆ, ಕೆಮ್ಮಿದವನು ಆ ಚಿಮಣಿ ಇರೋ ಊರಿನವನೇ, ಅವನ ಕೈಯಲ್ಲಿ ಓಟಿದೆ. ಚಿಮಣಿಗೆ ಒಂದು ಯಂತ್ರ ಕೂರಿಸಿದ್ರೆ ಹಿಡಿದಿಡಬಹುದು. ಇಂಗಾಲದ ಡೈಆಕ್ಸೈಡಿಗೆ ಇದ್ಯಾವುದೂ ಇಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ. ಬಿಟ್ಟವನು ಒಂದು ಖಂಡದಲ್ಲಿ, ಮುಳುಗೋನು ಇನ್ನೊಂದು ಸಾಗರದ ನಡುವೆ, ಅದೂ ಐವತ್ತು ವರ್ಷ ಆದಮೇಲೆ. ಅಲ್ಲಿ ಆ ಗೆರೆ ಹಾಗೆ ಸಲೀಸಾಗಿ ಬಾಗಲ್ಲ.

ಹೊಂಗೆನೆರಳು
@ಮೊಂಡುವಾದಿ ಸ್ಟಾಕ್‌ಹೋಮ್ ಭಾಷಣವನ್ನ ಯಾವಾಗಲೂ ಅರ್ಧ ಮುರಿದು ಹೇಳ್ತಾರೆ. ಪರಿಸರವನ್ನ ಇನ್ನಷ್ಟು ಬರಡು ಮಾಡೋಕೆ ನಮಗೂ ಇಷ್ಟವಿಲ್ಲ, ಆದರೆ ಅಷ್ಟೊಂದು ಜನರ ಬಡತನವನ್ನ ಒಂದು ಕ್ಷಣವೂ ಮರೆಯೋ ಹಾಗಿಲ್ಲ ಅಂತಲೂ ಅವರು ಅಲ್ಲೇ ಹೇಳಿದ್ದು. ‘ಮೊದಲು, ಆಮೇಲೆ’ ಅನ್ನೋ ಸರದಿ ಅದರಲ್ಲಿ ಇಲ್ಲ. ಅಂದಹಾಗೆ ಆ ಸಮ್ಮೇಳನಕ್ಕೆ ಬಂದ ಸರ್ಕಾರದ ಮುಖ್ಯಸ್ಥರು ಇಬ್ಬರೇ: ಆತಿಥೇಯ ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಲ್ಮೆ ಮತ್ತು ಇಂದಿರಾ. ಈಗ ನೋಡಿ, ಫೋಟೋಗೆ ನಿಲ್ಲೋಕೆ ಜಾಗ ಸಾಲಲ್ಲ.

ಅರೆನಿದ್ದೆ
ಫೋಟೋ ಬಿಡಿ, ವಿಮಾನ ನಿಲ್ಸೋಕೇ ಜಾಗ ಸಾಲಲ್ಲ. ಹವಾಮಾನ ಉಳಿಸೋಕೆ ಹೋಗೋರೆಲ್ಲ ಖಾಸಗಿ ಜೆಟ್ಟಲ್ಲೇ ಹೋಗೋದು.

ಗಾಳಿಪಟ
ನನ್ನ ತಕರಾರು ಬೇರೆ. ಶ್ರೀಮಂತ ದೇಶಗಳಲ್ಲಿ ಹೊಲಸು ಕಮ್ಮಿ ಆಯ್ತು ಅಂತೀರಲ್ಲ, ಕಮ್ಮಿ ಆಯ್ತೋ, ಪಕ್ಕದ ಮನೆ ಅಂಗಳಕ್ಕೆ ಗುಡಿಸಿದ್ರೋ?

ಖಿಯಾನ್ ಸೀ ಅಂತ ಒಂದು ಹಡಗು. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಕಸ ಸುಟ್ಟ ಬೂದಿ, ಸುಮಾರು 14,000 ಟನ್, ತುಂಬಿಕೊಂಡು ಹೊರಟಿತು. ಯಾವ ಬಂದರೂ ಇಳಿಸಿಕೊಳ್ಳಲಿಲ್ಲ. ಕೊನೆಗೆ ಹೈಟಿಯಲ್ಲಿ ‘ಗೊಬ್ಬರ’ ಅಂತ ಹೇಳಿ ಸುಮಾರು ನಾಲ್ಕು ಸಾವಿರ ಟನ್ ಕಡಲತೀರದಲ್ಲಿ ಸುರಿದು ಓಡಿಹೋದ್ರು. ಆಮೇಲೆ ಹಡಗಿನ ಹೆಸರು ಬದಲಾಯಿತು, ಮತ್ತೊಂದ್ಸಲ ಬದಲಾಯಿತು, 1988ರ ಕೊನೆಗೆ ಸಿಂಗಾಪುರಕ್ಕೆ ಬಂದಾಗ ಹೊಟ್ಟೆ ಖಾಲಿ. ಉಳಿದ ಬೂದಿ ಸಮುದ್ರದ ಪಾಲು. ಇಂಥ ಕಥೆಗಳಿಂದಲೇ 1989ರಲ್ಲಿ, ಅಪಾಯಕಾರಿ ಕಸವನ್ನ ದೇಶ ದಾಟಿಸೋದಕ್ಕೆ ಕಡಿವಾಣ ಹಾಕೋ ಬಾಸೆಲ್ ಒಪ್ಪಂದ ಹುಟ್ಟಿದ್ದು. ಆಮೇಲೂ ಪ್ಲಾಸ್ಟಿಕ್ ಹರಿದು ಹೋಗ್ತಾನೇ ಇತ್ತು. 2018ರಲ್ಲಿ ಚೀನಾ ಬಾಗಿಲು ಹಾಕಿದಾಗ ಎಷ್ಟೋ ಶ್ರೀಮಂತ ನಗರಗಳಿಗೆ ತಮ್ಮ ಕಸವನ್ನ ಏನು ಮಾಡಬೇಕು ಅಂತಲೇ ತೋಚಲಿಲ್ಲ.

ಲೆಕ್ಕಪುಸ್ತಕ
ಕಸದ ಮಟ್ಟಿಗೆ ಒಪ್ತೀನಿ. ಆದರೆ ಎಲ್ಲವನ್ನೂ ‘ಹೊರಗೆ ಸಾಗಿಸಿದ್ರು’ ಅಂತ ಒಂದೇ ಏಟಿಗೆ ಹೇಳಬೇಡಿ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ರಾಟ್‌ಕ್ಲಿಫ್ 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. 1882ರಲ್ಲಿ ಆ ದೇಶದಲ್ಲಿ ಶುರುವಾಗಿದ್ದ ಕಲ್ಲಿದ್ದಲು ಕರೆಂಟಿನ ಕಥೆ ಅಲ್ಲಿಗೆ ಮುಗೀತು. ಆ ಕರೆಂಟನ್ನ ಅವರು ಹೊರದೇಶದಲ್ಲಿ ಸುಟ್ಟು ತರಿಸ್ತಿಲ್ಲ. ಆಮದು ಸಾಮಾನಿನೊಳಗೆ ಅಡಗಿರೋ ಇಂಗಾಲ ಸೇರಿಸಿ ಲೆಕ್ಕ ಹಾಕಿದರೂ ಬ್ರಿಟನ್ನಿನ ಗೆರೆ ಇಳಿದಿದೆ, ಅವರು ಜಂಭ ಕೊಚ್ಚಿಕೊಳ್ಳುವಷ್ಟು ಇಳಿದಿಲ್ಲ ಅಷ್ಟೇ.

ಅರೆನಿದ್ದೆ
ಎಲ್ಲಕ್ಕೂ ಮೂಲ ಜನಸಂಖ್ಯೆ. ಬೇರೆ ಮಾತೇ ಬೇಡ.

ಹೊಂಗೆನೆರಳು
ಬೇರೆ ಮಾತು ಬೇಕು. ಒಬ್ಬ ಅಮೆರಿಕನ್ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡ್ತಾನೆ, ಒಬ್ಬ ಭಾರತೀಯ ಸುಮಾರು 2 ಟನ್. ಕೈಗಾರಿಕೆ ಶುರುವಾದ ಕಾಲದಿಂದ ಇಲ್ಲಿವರೆಗೆ ಪಳೆಯುಳಿಕೆ ಇಂಧನದಿಂದ ಗಾಳಿಗೆ ಸೇರಿದ್ದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅಮೆರಿಕ ಒಂದರದ್ದೇ. ತಲೆ ಎಣಿಸೋಕೆ ಮುಂಚೆ ತಲೆಗೆಷ್ಟು ಅಂತ ಎಣಿಸಿ.

ಮೊಂಡುವಾದಿ
ಅಬ್ಬಾ, ಕೊನೆಗೂ ಹೊಂಗೆನೆರಳು ಮೇಡಂ ನನ್ನ ಕಡೆ! ಅದೇ ನಾನು ಹೇಳೋದು, ಅವರು ಉಂಡು ಕೈ ತೊಳ್ಕೊಂಡಮೇಲೆ ನಮಗೆ ಉಪವಾಸದ ಪಾಠ ಮಾಡಬಾರದು.

ನೀಲಿಸಿಲಿಂಡರ್
ನಾ ಫ್ರಿಜ್, ಏಸಿ ರಿಪೇರಿ ಮಾಡಾವ ರೀ. ಬೋಗುಣಿ ಗೆರಿ ನಂಗ ತಿಳಿಯಂಗಿಲ್ಲ. ಆದ್ರ ಜಗತ್ತಿನವರೆಲ್ಲ ಕೂತು ಮಾಡಿದ ಒಂದು ಒಪ್ಪಂದ ನನ್ನ ಚೀಲದಾಗಿನ ಸಾಮಾನು ಬದಲು ಮಾಡೇತಿ, ಅದನ್ನ ಹೇಳ್ತೀನಿ.

ನಾ ಕೆಲಸ ಕಲಿಯೂ ಹೊತ್ತಿನ್ಯಾಗ ಫ್ರಿಜ್ಜಿಗೆ ಆರ್-12 ಗ್ಯಾಸ್, ಬಿಳೇ ಸಿಲಿಂಡರ್. ಲೀಕ್ ಹುಡುಕಾಕ ನಮ್ಮ ಉಸ್ತಾದನ ಕಡೆ ಒಂದು ದೀಪ ಇತ್ತು, ಸಣ್ಣ ಬರ್ನರು, ಒಳಗ ತಾಮ್ರದ ತಟ್ಟಿ. ಅದಕ್ಕ ಹಚ್ಚಿದ ರಬ್ಬರ್ ನಳಿಗಿನ ಪೈಪಿನ ಬೆಸುಗಿ ಗುಂಟ ಆಡಿಸ್ಕೋಂತ ಹೋಗೂದು. ಎಲ್ಲಿ ಗ್ಯಾಸ್ ಸೋರತೈತೋ ಅಲ್ಲಿ ನೀಲಿ ಉರಿ ಹಸರಾಗತಿತ್ತು. ನೋಡಾಕ ಭಾಳ ಚಂದ. ಆ ಹಸರು ಕ್ಲೋರಿನ್ನಿಂದು, ಅದೇ ಕ್ಲೋರಿನ್ನು ಮ್ಯಾಲ ಹೋಗಿ ಓಝೋನ್ ತಿಂತೈತಿ ಅಂತ ಮುಂದ ಟ್ರೇನಿಂಗ್‌ನ್ಯಾಗ ಗೊತ್ತಾತು. ಅಲ್ಲೀತನ ರಿಪೇರಿಗೆ ಬಂದ ಫ್ರಿಜ್ಜಿನ ಹಳೇ ಗ್ಯಾಸ್ ಕಿಟಕಿ ತಗದು ಬುಸ್ ಅಂತ ಹೊರಗ ಬಿಡತಿದ್ವಿ.

ಆಮ್ಯಾಲ ಆರ್-134ಎ ಬಂತು, ತಿಳಿನೀಲಿ ಸಿಲಿಂಡರ್. ಗ್ಯಾಸ್ ಒಂದ ಬದಲು ಮಾಡಿದ್ರ ಮುಗೀಲಿಲ್ಲರಿ. ಕಂಪ್ರೆಸರ್‌ನ್ಯಾಗಿನ ಎಣ್ಣಿನೂ ಬ್ಯಾರೆ. ಹಳೇ ಎಣ್ಣಿ ಉಳದ್ರ ಹೊಂದಂಗಿಲ್ಲ, ಕ್ಯಾಪಿಲರಿ ಅನ್ನೂ ಸಣ್ಣ ನಳಿಗಿ ಕಟಗೊಂಡು ಗಿರಾಕಿ ವಾರದಾಗ ತಿರುಗಿ ಬರತಾನ. ಇದನ್ನೆಲ್ಲ ಕಲಿಸಾಕ ಟ್ರೇನಿಂಗ್ ಫುಕಟ್ ಕೊಟ್ರು. ರೊಕ್ಕ ಯಾರದು ಅಂತ ಕೇಳಿದ್ರ, ಶ್ರೀಮಂತ ದೇಶದವರು ಕೂಡಿಸಿದ ನಿಧಿ ಅಂದ್ರು. ಬರೇ ‘ಬಂದ್ ಮಾಡ್ರಿ’ ಅಂತ ಹೇಳಿ ಹೋಗಿದ್ರ ನಮ್ಮಂಥವರು ಯಾರೂ ಬಂದ್ ಮಾಡತಿದ್ದಿಲ್ಲ, ಖರೇ ಹೇಳ್ತೀನಿ.

ಅಕ್ಷಾಂಶ
ಅಣ್ಣಾ, ಇಡೀ ಚರ್ಚೇಲಿ ನನಗೆ ಪೂರ್ತಿ ಅರ್ಥ ಆಗಿದ್ದು ಇದೊಂದೇ. ಮಗಳಿಗೆ ಓದಿ ಹೇಳಿದೆ.

ಹೊಂಗೆನೆರಳು
ನೀಲಿಸಿಲಿಂಡರ್ ಅವರು ಹೇಳಿದ್ದು ಮಾಂಟ್ರಿಯಲ್ ಒಪ್ಪಂದ. ಇಂಥ ಅನಿಲಗಳು ಓಝೋನ್ ತಿನ್ನುತ್ತವೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಅನ್ನೋ ವಿಜ್ಞಾನಿಗಳು ಕಾಗದದ ಮೇಲೆ ಎಚ್ಚರಿಸಿದ್ರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ತೆಳುವಾಗಿರೋದನ್ನ ಅಳೆದು ತೋರಿಸಿದ್ರು. 1987ರ ಸೆಪ್ಟೆಂಬರ್ 16ಕ್ಕೆ ಸಹಿ. ಎರಡೇ ವರ್ಷ! ಈಗ ಜಗತ್ತಿನ ಎಲ್ಲ ದೇಶಗಳೂ ಅದರಲ್ಲಿವೆ.

ಯಾಕೆ ನಡೀತು ಅಂತ ನೋಡಿದ್ರೆ ಅದರಲ್ಲಿ ಸಿಹಿಯೂ ಇತ್ತು, ಬೆತ್ತವೂ ಇತ್ತು. ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚಿನ ಗಡುವು. 1990ರ ಲಂಡನ್ ಸಭೆಯಲ್ಲಿ ನಿಧಿ ತೀರ್ಮಾನವಾಯ್ತು, ಕಾರ್ಖಾನೆ ಬದಲಾಯಿಸೋ ಹೆಚ್ಚುವರಿ ಖರ್ಚನ್ನ ಶ್ರೀಮಂತರು ಕೊಡಬೇಕು ಅಂತ. ಭಾರತ, ಚೀನಾ ಒಳಗೆ ಬಂದಿದ್ದು ಅದಾದ ಮೇಲೆಯೇ. ಇನ್ನು ಒಪ್ಪಂದದ ಹೊರಗೆ ಉಳಿದವರ ಜೊತೆ ಆ ಅನಿಲಗಳ ವ್ಯಾಪಾರವೇ ಇಲ್ಲ. ಹೊರಗೆ ನಿಂತರೆ ನಷ್ಟ, ಒಳಗೆ ಬಂದರೆ ಸಹಾಯ. ಜೊತೆಗೆ ಪರ್ಯಾಯ ಅನಿಲ ಮಾಡೋ ದೊಡ್ಡ ಕಂಪನಿಗಳಿಗೂ ಅದರಲ್ಲಿ ಲಾಭ ಕಾಣ್ತಿತ್ತು, ಅದನ್ನ ಮುಚ್ಚಿಡೋದು ಬೇಡ.

ಓಝೋನ್ ಪದರ ಅಂಟಾರ್ಕ್ಟಿಕದ ಮೇಲೆ 1980ರ ಮಟ್ಟಕ್ಕೆ ಮರಳೋದು 2066ರ ಸುಮಾರಿಗೆ ಅಂತ ಅಂದಾಜು. ನಿಧಾನ, ಆದರೆ ಮರಳ್ತಿದೆ.

ಗಾಳಿಪಟ
ಸಂಭ್ರಮದಲ್ಲಿ ಎರಡು ವಿಷಯ ಮರೀಬೇಡಿ. ಒಂದು, ಆ ತಿಳಿನೀಲಿ ಸಿಲಿಂಡರಿನ ಗ್ಯಾಸು ಓಝೋನ್ ತಿನ್ನಲ್ಲ ನಿಜ, ಆದರೆ ಭೂಮಿ ಬಿಸಿ ಮಾಡೋದರಲ್ಲಿ ಒಂದು ಕಿಲೋ ಸಾವಿರಕ್ಕೂ ಹೆಚ್ಚು ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅದನ್ನೂ ಇಳಿಸೋಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮತ್ತೆ ಕೂತರು.

ಎರಡನೇದು ಇನ್ನೂ ರುಚಿಯಾಗಿದೆ. ಏಸಿಗೆ ಹಾಕೋ ಆರ್-22 ಅನಿಲ ಮಾಡುವಾಗ ಎಚ್‌ಎಫ್‌ಸಿ-23 ಅಂತ ಒಂದು ತ್ಯಾಜ್ಯ ಅನಿಲ ಬರುತ್ತೆ. ಹವಾಮಾನದ ಕ್ಯೋಟೋ ಒಪ್ಪಂದದ ವ್ಯವಸ್ಥೆಯಲ್ಲಿ, ಬಡ ದೇಶದ ಕಾರ್ಖಾನೆ ಅದರ ಒಂದು ಟನ್ ಸುಟ್ಟರೆ 11,700 ಟನ್ ಇಂಗಾಲದ ಡೈಆಕ್ಸೈಡ್ ಉಳಿಸಿದ ಲೆಕ್ಕ ಆಗ್ತಿತ್ತು. ಅಷ್ಟು ಸರ್ಟಿಫಿಕೇಟು ಸಿಗ್ತಿತ್ತು, ತಮ್ಮ ಹೊಗೆ ಇಳಿಸೋ ಬದಲು ಯುರೋಪಿನವರು ಅದನ್ನ ಕೊಂಡ್ಕೊಳ್ತಿದ್ರು. ಸುಡೋಕೆ ಖರ್ಚು ಪುಡಿಗಾಸು. ಕೊನೆಗೆ ಏನಾಯ್ತು? ಸರಕಿಗಿಂತ ತ್ಯಾಜ್ಯಕ್ಕೇ ಹೆಚ್ಚು ಬೆಲೆ! ತ್ಯಾಜ್ಯ ಬರಲಿ ಅಂತಲೇ ಸರಕು ಮಾಡ್ತಿದ್ದಾರೆ ಅನ್ನೋ ಅನುಮಾನ ಬಲವಾಗಿ, 2013ರಿಂದ ಐರೋಪ್ಯ ಒಕ್ಕೂಟ ಆ ಸರ್ಟಿಫಿಕೇಟುಗಳನ್ನ ನಿಲ್ಲಿಸಿತು.

ಹಾಗಾಗಿ ‘ದುಡ್ಡು ಕೊಟ್ಟರೆ ಸರಿಹೋಗುತ್ತೆ’ ಅನ್ನೋರು ದುಡ್ಡು ಯಾವುದಕ್ಕೆ ಅಂತ ಬಿಡಿಸಿ ಹೇಳಬೇಕು.

ಬೋಲ್ಟುನಟ್ಟು
ಸರ್ಟಿಫಿಕೇಟು ಅಂದ ತಕ್ಷಣ ನನ್ನ ಹೊಟ್ಟೆ ತೊಳೆಸಿತು. ನಾವು ಬೋಲ್ಟು, ನಟ್ಟು ಮಾಡಿ ಯುರೋಪಿಗೆ ಕಳಿಸೋ ಸಣ್ಣ ಕಾರ್ಖಾನೆ. ಐರೋಪ್ಯ ಒಕ್ಕೂಟ ಗಡಿಯಲ್ಲಿ ಇಂಗಾಲದ ಲೆಕ್ಕ ಕೇಳೋ ಪದ್ಧತಿ 2023ರ ಅಕ್ಟೋಬರ್‌ನಲ್ಲಿ ತಂತು. ಮೊದಲು ಬರೀ ವರದಿ, 2026ರ ಜನವರಿಯಿಂದ ಅದಕ್ಕೆ ಕಾಸು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರ ಎಲ್ಲ ಅದರಲ್ಲಿದೆ, ಉಕ್ಕಿನ ಬಾಲ ಹಿಡಿದು ಬೋಲ್ಟೂ.

ಗಿರಾಕಿಯಿಂದ ಒಂದು ಎಕ್ಸೆಲ್ ಹಾಳೆ ಬಂತು. ಒಂದು ಟನ್ ಬೋಲ್ಟಿಗೆ ಎಷ್ಟು ಇಂಗಾಲ? ನಾವು ಉಕ್ಕು ಕರಗಿಸೋರಲ್ಲ. ತಂತಿ ಸುರುಳಿ ತರ್ತೀವಿ, ತುಂಡು ಮಾಡಿ ತಲೆ ಒತ್ತುತ್ತೀವಿ, ಮರೆ (ಥ್ರೆಡ್) ಉರುಳಿಸ್ತೀವಿ, ಕಾಯಿಸ್ತೀವಿ. ಇಂಗಾಲವೆಲ್ಲ ತಂತಿಯಲ್ಲೇ ಕೂತಿದೆ. ತಂತಿ ಕೊಡೋರಿಗೆ ಫೋನ್ ಮಾಡಿದ್ರೆ "ಅದೆಲ್ಲ ನಮಗೆ ಗೊತ್ತಿಲ್ಲ, ಮಾಲು ಬೇಕಾ ಬೇಡ್ವಾ?" ಅಂದ್ರು. ಮೂರು ವಾರ ಆ ಖಾನೆ ಖಾಲಿ ಬಿಟ್ಟುಕೊಂಡು ಕೂತಿದ್ದೆ.

ಆದರೆ ಒಂದು ಒಪ್ಪಿಕೊಳ್ಳಬೇಕು. ನಮ್ಮ ಯಜಮಾನರ ಬಾಯಲ್ಲಿ ಇಷ್ಟು ವರ್ಷ ‘ಪರಿಸರ’ ಅನ್ನೋ ಪದ ಬಂದಿದ್ದನ್ನ ಯಾರೂ ಕೇಳಿಲ್ಲ. ಈಗ ತಂತಿ ತರಿಸುವಾಗ "ಅದಿರಿನಿಂದ ಮಾಡಿದ್ದೋ, ಗುಜರಿ ಕರಗಿಸಿ ಮಾಡಿದ್ದೋ?" ಅಂತ ಕೇಳ್ತಾರೆ. ಊದುಕುಲುಮೆಯ ಉಕ್ಕಾದ್ರೆ ಟನ್ನಿಗೆ ಎರಡು ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್. ಗುಜರಿಯನ್ನ ಕರೆಂಟಿನ ಕುಲುಮೇಲಿ ಕರಗಿಸಿದ್ದಾದ್ರೆ ಅದರಲ್ಲಿ ಒಂದು ಸಣ್ಣ ಪಾಲು.

ಮೊಂಡುವಾದಿ
ಇದು ಪರಿಸರದ ವೇಷ ಹಾಕಿದ ಆಮದು ಸುಂಕ, ಬೇರೇನಿಲ್ಲ. ಆ ಕಾಸು ಎಲ್ಲಿಗೆ ಹೋಗುತ್ತೆ? ಅವರ ಖಜಾನೆಗೆ. ಮಾಂಟ್ರಿಯಲ್‌ನಲ್ಲಿ ಶ್ರೀಮಂತರು ಬಡವರಿಗೆ ಕೊಟ್ಟರು, ಇಲ್ಲಿ ಬಡವರೇ ಶ್ರೀಮಂತರಿಗೆ ಕೊಡಬೇಕು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳಿಗೆ ‘2020ರ ಹೊತ್ತಿಗೆ ವರ್ಷಕ್ಕೆ 100 ಶತಕೋಟಿ ಡಾಲರ್’ ಅಂತ ಮಾತು ಕೊಟ್ರು. ಮುಟ್ಟಿದ್ದು 2022ಕ್ಕೆ, ಅದೂ ಅವರದ್ದೇ ಲೆಕ್ಕದಲ್ಲಿ, ಅದರಲ್ಲೂ ಬಹುಪಾಲು ಸಾಲ. ಸಾಲ ಕೊಟ್ಟು ದಾನ ಅಂತ ಬರೆಸಿಕೊಳ್ಳೋದು!

ಲೆಕ್ಕಪುಸ್ತಕ
ಇದರಲ್ಲಿ ಮೊಂಡುವಾದಿಯವರ ಜೊತೆ ನನ್ನ ಜಗಳ ಇಲ್ಲ. 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಅಂದ್ರು. ಬಡ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್.

ಹೊಂಗೆನೆರಳು
ಇದೇ ಜಾಡಿನಲ್ಲಿ ಎಕ್ವಡೋರ್ ಕಥೆ. ಅಮೆಜಾನ್ ಕಾಡಿನ ಯಾಸುನಿಯಲ್ಲಿ ನೆಲದಡಿ ತೈಲ ಸಿಕ್ಕಿತ್ತು. 2007ರಲ್ಲಿ ಅಧ್ಯಕ್ಷ ಕೊರೆಯಾ ಹೇಳಿದ್ದು ಇಷ್ಟು: ತೆಗೆಯೋದಿಲ್ಲ, ಬರಬೇಕಾದ ವರಮಾನದ ಅರ್ಧ, 3.6 ಶತಕೋಟಿ ಡಾಲರ್, ಜಗತ್ತು ಕೊಡಲಿ. ಆರು ವರ್ಷ ಕಾದರು. ಕೈಗೆ ಬಂದಿದ್ದು ಸುಮಾರು 13 ದಶಲಕ್ಷ. 2013ರಲ್ಲಿ ಯೋಜನೆ ಕೈಬಿಟ್ಟು, 2016ರಲ್ಲಿ ಕೊರೆಯೋಕೆ ಶುರು ಮಾಡಿದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು ಪಾಪ.

ಆದರೆ ಕಥೆ ಅಲ್ಲಿಗೆ ಮುಗೀಲಿಲ್ಲ. 2023ರ ಆಗಸ್ಟ್‌ನಲ್ಲಿ ಅದೇ ಬಡ ದೇಶದ ಜನ ಮತ ಹಾಕಿ, ನೂರಕ್ಕೆ 59 ಮಂದಿ, ತೈಲ ತೆಗೆಯೋದು ನಿಲ್ಲಿಸಿ ಅಂದ್ರು. ಶ್ರೀಮಂತರಾಗೋವರೆಗೆ ಕಾಯಲಿಲ್ಲ.

ಕೋಸ್ಟರಿಕವನ್ನೂ ನೋಡಿ. ದನದ ಹುಲ್ಲುಗಾವಲಿಗೆ ಕಾಡು ಕಡಿದು ಕಡಿದು ಎಂಬತ್ತರ ದಶಕದಲ್ಲಿ ನೆಲದ ಕಾಲುಭಾಗದ ಹತ್ತಿರಕ್ಕೆ ಇಳಿದಿತ್ತು. 1996ರ ಕಾಯ್ದೆ ಬಂದಮೇಲೆ ಪೆಟ್ರೋಲ್, ಡೀಸೆಲ್ ತೆರಿಗೆಯ ಒಂದು ಪಾಲನ್ನ ಮರ ಉಳಿಸಿಕೊಂಡ ಜಮೀನುದಾರರಿಗೆ ಕೊಡೋಕೆ ಶುರುಮಾಡಿದ್ರು. ಈಗ ಅರ್ಧಕ್ಕಿಂತ ಹೆಚ್ಚು ನೆಲ ಕಾಡು. ಶುರುಮಾಡಿದಾಗ ಅವರೇನು ದೊಡ್ಡ ಶ್ರೀಮಂತರಾಗಿರಲಿಲ್ಲ.

ಕೆಂಡಸಂಪಿಗೆ
ಇಷ್ಟುದ್ದ ಚರ್ಚೆಯಲ್ಲಿ ಯಾರೂ ‘ಬಂಡವಾಳಶಾಹಿ’ ಅಂತ ಒಂದ್ಸಲವೂ ಹೇಳಲಿಲ್ಲ. ಲಾಭದ ಆಸೆ ಇರೋವರೆಗೆ ಈ ಒಪ್ಪಂದಗಳೆಲ್ಲ ಹಾಳೆ ಮೇಲಿನ ಶಾಯಿ.

ಲೆಕ್ಕಪುಸ್ತಕ
ಮಧ್ಯ ಏಷ್ಯಾದ ಅರಾಲ್ ಸಮುದ್ರ ಒಣಗಿಸಿದ್ದು ಯಾವ ಬಂಡವಾಳಶಾಹಿ? 1960ರ ದಶಕದಿಂದ ಸೋವಿಯತ್ ಯೋಜನಾಕಾರರು ಹತ್ತಿಗೋಸ್ಕರ ಅದಕ್ಕೆ ನೀರು ತರ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳೆರಡನ್ನೂ ಕಾಲುವೆಗೆ ತಿರುಗಿಸಿದ್ರು. ಮುಯ್ನಾಕ್ ಅನ್ನೋ ಮೀನುಗಾರರ ಊರಲ್ಲಿ ಇವತ್ತೂ ತುಕ್ಕು ಹಿಡಿದ ದೋಣಿಗಳು ಮರಳ ಮೇಲೆ ನಿಂತಿವೆ. ನೀರು ಬಹಳ ದೂರ ಹೋಗಿಬಿಟ್ಟಿದೆ.

ಕೆಂಡಸಂಪಿಗೆ
ಅದು ಸಮಾಜವಾದವೇ ಅಲ್ಲ, ಸರ್ಕಾರಿ ಬಂಡವಾಳಶಾಹಿ.

ಅರೆನಿದ್ದೆ
ಬಂತಪ್ಪಾ. ನಾನು ಮಲಗಕ್ಕೆ ಹೋಗ್ತೀನಿ.

ನಿರ್ವಾಹಕರು
ಸೋವಿಯತ್ ಒಕ್ಕೂಟದ ಬಗ್ಗೆ ಬೇರೆ ಎಳೆ ಇದೆ, 400 ಪ್ರತಿಕ್ರಿಯೆ ದಾಟಿದೆ, ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ವಿಷಯಕ್ಕೆ ಬನ್ನಿ.

ಬೋಲ್ಟುನಟ್ಟು
ವಿಷಯಾಂತರಕ್ಕೆ ಕ್ಷಮಿಸಿ. ನೀಲಿಸಿಲಿಂಡರ್ ಅವರೇ, ನಮ್ಮ ಫ್ರಿಜ್ಜು ಮೇಲೆ ಐಸ್ ಕಟ್ಟುತ್ತೆ, ಕೆಳಗೆ ತಂಪೇ ಇಲ್ಲ. ಗ್ಯಾಸ್ ಹೋಗಿದೆಯಾ?

ನೀಲಿಸಿಲಿಂಡರ್
ಗ್ಯಾಸ್ ಪೂರಾ ಹೋಗಿದ್ರ ಮ್ಯಾಲೂ ಐಸ್ ಆಗಂಗಿಲ್ಲರಿ. ಫ್ರಾಸ್ಟ್ ಫ್ರೀ ಇದ್ರ ಡೀಫ್ರಾಸ್ಟ್ ಹೀಟರ್ ಇಲ್ಲಾ ಫ್ಯಾನ್ ನೋಡಿಸ್ರಿ. ಮೊದಲ ಒಂದು ದಿನ ಬಂದ್ ಮಾಡಿ ಬಾಗಲಾ ತಗದಿಟ್ಟು ನೋಡ್ರಿ. ನೋಡದಲೇ ಗ್ಯಾಸ್ ತುಂಬತೀನಿ ಅನ್ನಾವನ ಕೈಗೆ ಕೊಡಬ್ಯಾಡ್ರಿ.

ಮೊಂಡುವಾದಿ
ಸರಿ, ನಾನು ಅರ್ಧ ಸೋಲು ಒಪ್ಕೋತೀನಿ. ‘ತಾನಾಗೇ’ ವಾಪಸ್ ತಗೊಂಡೆ. ಓಝೋನ್ ಆಗಲಿ, ಲಂಡನ್ ಹೊಗೆ ಆಗಲಿ, ಯಾರೋ ಗಡುವು ಹಾಕಿ ಯಾರೋ ಕಾಸು ಬಿಚ್ಚಿದ್ದಕ್ಕೇ ಆಗಿದ್ದು. ಆದರೆ ‘ಮೊದಲು’ ಬಿಡಲ್ಲ. ಬಿಚ್ಚೋಕೆ ಮೊದಲು ಕಾಸು ಇರಬೇಕು.

ಗಾಳಿಪಟ
ಇರೋರು ಬಿಚ್ಚುತ್ತಿಲ್ಲವಲ್ಲ ಗುರುವೇ, ಅದೇ ಅಲ್ವಾ ತಕರಾರು.

ಅಕ್ಷಾಂಶ
ಎಲ್ಲರಿಗೂ ಧನ್ಯವಾದ. ಕೀಬೋರ್ಡು ನನ್ನ ಕೈಯಿಂದ ಹೋಗ್ತಿದೆ.

ನಮಸ್ಕಾರ, ಆ ಮಗಳು ನಾನೇ. ಬೋಗುಣಿ ಚಿತ್ರ ತೆಗೆದುಹಾಕಿದೆ. ಪಾಳಿ ಬದಲಾಯಿಸಿಕೊಡಿ ಅಂದ್ರೆ ಮೇಡಂ ಒಪ್ಪಲಿಲ್ಲ, ಹಾಗಾಗಿ ಮೊಂಡುವಾದಿ ಅಂಕಲ್ ಹೇಳಿದ ಅರ್ಧ ಸೋಲನ್ನೇ ವಾದ ಮಾಡ್ಕೋತೀನಿ. ನೀಲಿಸಿಲಿಂಡರ್ ಅಂಕಲ್, ಒಂದು ಡೌಟು. ನೀಲಿ ಜ್ವಾಲೆ ಹಸಿರಾಗೋದನ್ನ ಸ್ಟೇಜ್ ಮೇಲೆ ಮಾಡಿ ತೋರಿಸಬಹುದಾ? ಕಾಲೇಜಲ್ಲಿ ಹಳೇ ಫ್ರಿಜ್ ಒಂದಿದೆ.

ನೀಲಿಸಿಲಿಂಡರ್
ಬ್ಯಾಡ ಬ್ಯಾಡವ್ವಾ! ಹಸರು ಉರಿ ಬರೂ ಮುಂದ ವಿಷದ ಹೊಗಿನೂ ಬರತೈತಿ, ಅದಕ್ಕ ನಾವು ಆ ದೀಪ ಬಿಟ್ಟು ಭಾಳ ವರ್ಷ ಆತು. 134ಎ ಇದ್ರ ಕ್ಲೋರಿನ್ ಇಲ್ಲ, ಬಣ್ಣಾನ ಬದಲಾಗಂಗಿಲ್ಲ. ಈಗಿನ ಫ್ರಿಜ್ಜಿನ್ಯಾಗ ಆರ್-600ಎ ಅಂತ ಇರತೈತಿ, ಓಝೋನಿಗೂ ಕೆಟ್ಟದಲ್ಲ, ಭೂಮಿ ಕಾಯಿಸೂದೂ ಭಾಳ ಕಮ್ಮಿ, ಆದ್ರ ಅದು ಬ್ಯೂಟೇನ್ ಜಾತಿ, ಉರಿ ಹಿಡದ್ರ ಭುಗ್ ಅಂತೈತಿ. ಸಾಬೂನು ನೀರು ಹಚ್ಚಿ ಗುಳ್ಳಿ ಬರೂದು ತೋರಸು, ಸಾಕು. ಮತ್ತ ಆ ಹಳೇ ಫ್ರಿಜ್ಜಿನ ಹಿಂದ ಲೇಬಲ್ ಇರತೈತಿ, ಅದರದೊಂದು ಫೋಟೋ ಕಳಸು, ಯಾವ ಗ್ಯಾಸ್ ಅಂತ ಹೇಳ್ತೀನಿ.